ಕರೆಯಲು ಬಂದ ಅಣ್ಣ

ನೀಲವ್ವನ ಆಟದ ಕೊನೆಯನ್ನು ಗಂಡ ಬದಲಿಸಿದ್ದಾನೆಂದು ತಿಳಿದಾಗ ಶಂಕ್ರಮ್ಮ ರೊಟ್ಟಿ ಬಡಿಯುತ್ತಿದ್ದಳು. ಕೈಯಲ್ಲಿದ್ದ ಹಿಟ್ಟನ್ನು ಪರಾತಕ್ಕೆ ಎಸೆದು ಎದ್ದು ನಿಂತಳು.

"ಏನಂದ್ರಿ? ಅಣ್ಣ ಕರಿಯಾಕ ಬರ್ತಾನ?"

"ಬರ್ತಾನ," ಎಂದ ಗಂಡ ಬಂಡು. "ಸ್ಕೂಟರ್ ಮ್ಯಾಲೆ ಬರ್ತಾನ. ತಪ್ಪಾತು ಅಂತಾನ. ಗಂಡಾ ಹೆಂಡತಿ ಇಬ್ಬರನೂ ಕರಕೊಂಡು ಹೋಗ್ತಾನ. ಮಂದಿ ಚಪ್ಪಾಳಿ ಹೊಡೀತಾರ."

ಕಮಲಾಪುರದ ಕಡೆ ಹುಟ್ಟಿದವರಿಗೆ ನೀಲವ್ವ ಯಾರೆಂದು ಹೇಳಬೇಕಾಗಿಲ್ಲ. ಪಂಚಮಿ ಬಂತೆಂದರೆ ಅಲ್ಲಿ ಅವಳ ಆಟ ಕಟ್ಟುತ್ತಾರೆ. ಹಬ್ಬದ ಜೋಕಾಲಿ ಜೀಕುತ್ತ ಬಳೆಗಾರ ಮಲ್ಲನ ಮೇಲೆ ಮನಸ್ಸಿಟ್ಟವಳು ನೀಲವ್ವ. ಮನೆಯವರು ಒಪ್ಪದಿದ್ದಾಗ ಅವನ ಹಿಂದೆ ನಡೆದೇ ಹೋದವಳು. ಮರುವರ್ಷದ ಪಂಚಮಿಗೆ ಅಣ್ಣ ಬುತ್ತಿ ಹೊತ್ತು ಕರೆಯಲು ಬರುತ್ತಾನೆಂದು ಊರ ಮುಂದಿನ ಕಲ್ಲಿನ ಮೇಲೆ ಕೂತು ದಾರಿ ಕಾಯುತ್ತಾಳೆ. ಅಣ್ಣ ಬರುವುದಿಲ್ಲ. ಹಬ್ಬ ಮುಗಿಯುತ್ತದೆ, ಆಟವೂ ಮುಗಿಯುತ್ತದೆ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡು, ಆ ಅಣ್ಣನಿಗೆ ಬಾಯಿ ತುಂಬ ಬೈಯುತ್ತ ಮನೆಗೆ ಹೋಗುತ್ತಾರೆ. ಬೈಯಲಿಕ್ಕೇ ಇರುವ ಆಟ ಅದು.

ಶಂಕ್ರಮ್ಮನಿಗೆ ಅದು ಬರೀ ಆಟವಾಗಿರಲಿಲ್ಲ. ಕಮಲಾಪುರದ ಲಿಂಗಾಯತರ ಮಗಳು ಕಲಬುರಗಿ ಬ್ರಹ್ಮಪುರದ ವೈಷ್ಣವರ ಹುಡುಗನನ್ನು ಮೆಚ್ಚಿ ಮದುವೆಯಾಗಿ ಆರು ವರ್ಷವಾಗಿತ್ತು. ಅಂದಿನಿಂದ ಅಣ್ಣ ಅಣವೀರಪ್ಪ ಅವಳ ಹೊಸ್ತಿಲು ತುಳಿದಿರಲಿಲ್ಲ. ದೂರವೇನಲ್ಲ, ಅವನ ಬೇಳೆ ಮಿಲ್ಲು ಇಲ್ಲೇ ನಂದೂರಿನಲ್ಲಿ. ದಿನಾ ಜೀಪಿನಲ್ಲಿ ಬಂದು ಹೋಗುವವನು. ಪಂಚಮಿಗೆ ಅಣ್ಣನೋ ತಮ್ಮನೋ ಬುತ್ತಿ ತಂದು ಕರೆದರೆ ಹೆಣ್ಣುಮಗಳು ತವರಿಗೆ ಹೋಗಬೇಕು. ಕರೆಯದೆ ಹೋದವಳಿಗೆ ಅಲ್ಲಿ ನಾಯಿಗಿರುವ ಮರ್ಯಾದೆಯೂ ಇಲ್ಲ. ಅಣ್ಣನ ಸಿಟ್ಟು ಹಾಳಾಗಿ ಹೋಗಲಿ, ಅವ್ವ ಭಾಗಮ್ಮ ಕೂಡ ಒಂದು ಮಾತು ಹೇಳಿ ಕಳಿಸಿರಲಿಲ್ಲ. ಅದೇ ಅವಳನ್ನು ಒಳಗೊಳಗೆ ಸುಡುತ್ತಿತ್ತು. ಒಂದೇ ಒಂದು ಸಲ ಹಬ್ಬಕ್ಕೆ ತವರಿಗೆ ಹೋಗಬೇಕು, ಅವ್ವನ ಮುಖ ನೋಡಬೇಕು. ಅದಕ್ಕಿಂತ ದೊಡ್ಡ ಆಸೆ ಅವಳಿಗಿರಲಿಲ್ಲ.

"ಕಾಲ ಬದಲಾಗ್ಯದ ಶಂಕ್ರಾ," ಬಂಡು ನೆಲ ನೋಡುತ್ತ ಹೇಳಿದ. ಬ್ಯಾಂಕಿನಲ್ಲಿ ನೌಕರಿ, ಸಂಜೆಗೆ ನಾಟಕ, ಇಷ್ಟೇ ಅವನ ಪ್ರಪಂಚ. "ಹೊಸಾ ಕಾಲಕ್ಕ ಹೊಸಾ ಕೊನಿ ಬೇಕು. ಮತ್ತ... ಖರ್ಚೆಲ್ಲಾ ನಿಮ್ಮಣ್ಣ ನೋಡಕೋತಾನ."

ಶಂಕ್ರಮ್ಮನ ಅಂಗಾಲಿನ ಸಿಟ್ಟು ನೆತ್ತಿಗೇರಿತು. "ನಮ್ಮಣ್ಣ ನಿಮ್ಮ ಜೋಡಿ ಮಾತಾಡ್ಯಾನ?"

"ಮಿಲ್ಲಿಗೆ ಹೋಗಿದ್ದೆ. ಚಹಾ ಕುಡಿಸಿದ."

"ನಾ ಹೆಂಗಿದ್ದೀನಿ ಅಂತ ಕೇಳಿದನೇನು?"

ಬಂಡು ಕಣ್ಣು ಪಿಳಿಪಿಳಿ ಬಿಟ್ಟ. "ಕೊನೀ ಸೀನಿನಾಗ ಅಣ್ಣ ಬರ್ತಾನೋ ಇಲ್ಲೋ ಅಂತ ಕೇಳಿದ."

ಕೇಳದೆ ಇರುತ್ತಾನೆಯೇ! ಮುಂದಿನ ತಿಂಗಳು ಅಣವೀರಪ್ಪ ಚುನಾವಣೆಗೆ ನಿಲ್ಲುವವನಿದ್ದ. ಜಾತಿ ಬಿಟ್ಟು ಮದುವೆಯಾದ ತಂಗಿಯನ್ನು ಆತ ದೂರ ಮಾಡಿದ್ದು ಪೇಟೆಗೆಲ್ಲ ಗೊತ್ತಿತ್ತು, ಮತ ಕೇಳುವಾಗ ಅದು ಅಡ್ಡ ಬರುತ್ತಿತ್ತು. ಮನೆಯ ತಂಗಿಯನ್ನು ಕರೆಯುವುದಕ್ಕಿಂತ ರಂಗದ ಮೇಲಿನ ತಂಗಿಯನ್ನು ಕರೆಸುವುದು ಸುಲಭ, ಮೇಲೆ ಶಾಲು ಬೇರೆ ಹೊದಿಸುತ್ತಾರೆ.

ತನಗೆ ಕೊಟ್ಟಿದ್ದ ನೀಲವ್ವನ ಪಾತ್ರ ಮಾಡುವುದಿಲ್ಲ ಎಂದು ಶಂಕ್ರಮ್ಮ ಎರಡು ದಿನ ಮುಖ ತಿರುಗಿಸಿ ಕೂತಳು. ಬಂಡು ಬಿಡಲಿಲ್ಲ. "ಮೊದಲ ನಾಟಕಕ್ಕ ಬರ್ಲಿ. ನಿನ್ನ ಕಣ್ಣಾರೆ ನೋಡ್ಲಿ. ಕಲ್ಲರೆ ಏನು, ಕರಗ್ತಾನ. ಮುಂದ ಮನಿಗೂ ಬರ್ತಾನ," ಎಂದ. ಆ ಒಂದು ಮಾತಿಗೆ ಅವಳು ಬಿದ್ದಳು. ತವರಿನ ಆಸೆ ಹೆಣ್ಣುಮಕ್ಕಳನ್ನು ಎಂಥ ಬಾವಿಗೂ ಇಳಿಸುತ್ತದೆ.

ರೊಟ್ಟಿ ಹಬ್ಬದ ದಿನ, ನಾಗರ ಚೌತಿಗೆ ಒಂದು ದಿನ ಮುಂಚೆ, ಮಧ್ಯಾಹ್ನದ ಆಟ. ಕಲಬುರಗಿಯ ರಂಗಮಂದಿರ ತುಂಬಿತ್ತು. ಡೊಳ್ಳಿನ ಬದಲು ಕ್ಯಾಸೆಟ್ಟಿನ ಸಂಗೀತ, ಬಳೆಗಾರ ಮಲ್ಲನಿಗೆ ಪ್ಯಾಂಟು, ನೀಲವ್ವನ ಕೈಗೆ ಗಡಿಯಾರ. ಮುಂದಿನ ಸಾಲಿನ ನಡುವೆ ಅಣವೀರಪ್ಪ ಬಿಳಿ ಅಂಗಿ ತೊಟ್ಟು ಕೂತಿದ್ದ. ತಂಗಿ ರಂಗಕ್ಕೆ ಬಂದಾಗ ಕೈ ಮುಗಿದ. ತಂಗಿಗಲ್ಲ, ಪಕ್ಕದಲ್ಲಿದ್ದ ದೊಡ್ಡ ಮನುಷ್ಯರಿಗೆ.

ಕೊನೆಯ ಅಂಕಕ್ಕೆ ಮುಂಚೆ ಶಂಕ್ರಮ್ಮ ಬಣ್ಣದ ಕೋಣೆಯಲ್ಲಿದ್ದಾಗ ಮರೆಪ್ಪ ಒಂದು ಬುಟ್ಟಿ ಹೊತ್ತು ತಂದಿಟ್ಟ. ಮರೆಪ್ಪ ಅಣ್ಣನ ಜೀಪು ಓಡಿಸುವವನು. ನಾಟಕದ ಅಣ್ಣನ ಕೈಗೆ ಬುತ್ತಿ ಬೇಕೆಂದು ಬಂಡು ಕೇಳಿದ್ದನಂತೆ. ಹೇಗೂ ಜೀಪಿನಲ್ಲಿ ಒಂದು ಇದೆ, ಅದನ್ನೇ ಕೊಡು ಎಂದಿದ್ದನಂತೆ ಅಣವೀರಪ್ಪ.

ಬುಟ್ಟಿಯ ಮೇಲಿನ ಬಟ್ಟೆ ಸರಿಸಿದರೆ ಎಳ್ಳುಂಡಿ, ಗುಳ್ಳಡಕಿ ಉಂಡಿ, ಜೋಳದ ಅರಳು, ಹಸಿರು ಬಳೆ, ಒಂದು ಕುಬಸದ ಕಣ.

"ಇದು ಯಾರು ಕಟ್ಟಿದ ಬುತ್ತಿ ಮರೆಪ್ಪಾ?"

"ಯಾರು ಅಂತೀರಲ್ರೀ ಅಕ್ಕಾರ! ನಿಮ್ಮವ್ವಾರು. ವರ್ಷಾ ಕಟ್ಟತಾರಲ್ರೀ ನಿಮಗಂತ. ನೀವು ಒಲ್ಲೆ ಅಂತ ತಿರುಗಿ ಕಳಸ್ತೀರಂತಲ್ಲ, ಅದಕ್ಕ ಸಾವಕಾರ್ರು ಮಿಲ್ಲಿನ ಮಂದಿಗಿ ಹಂಚತಾರ. ನಾವು ತಿಂತೀವ್ರೀ. ಬ್ಯಾಸರ ಮಾಡಕೋಬ್ಯಾಡ್ರಿ."

ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎನ್ನುವುದನ್ನು ಕೇಳಿದ್ದಳು. ಅವ್ವನ ಉಂಡಿ ಮಿಲ್ಲಿನ ಜಾತ್ರೆಯಾದದ್ದನ್ನು ಈಗ ಕೇಳಿದಳು. ಇಷ್ಟು ವರ್ಷ ಅಲ್ಲಿ ಅವ್ವ ಮಗಳು ಸೊಕ್ಕಿನವಳೆಂದುಕೊಂಡಿದ್ದಳು, ಇಲ್ಲಿ ಮಗಳು ಅವ್ವ ಮರೆತಳೆಂದುಕೊಂಡಿದ್ದಳು. ನಡುವೆ ಕೂತು ಒಬ್ಬ ಮೀಸೆ ತಿರುವುತ್ತಿದ್ದ. ಅವಳಿಗೆ ಅಳು ಬರಲಿಲ್ಲ, ಮೈಯೆಲ್ಲ ಬೆಂಕಿಯಾಗಿತ್ತು.

ಕೊನೆಯ ಸೀನು ಬಂತು. ನಾಟಕದ ಅಣ್ಣ ಸ್ಕೂಟರ್ ನಿಲ್ಲಿಸಿ ಬುತ್ತಿ ಮುಂದೆ ಹಿಡಿದ. "ತಂಗೀ, ತಪ್ಪಾತು. ನಡಿ ಮನಿಗೆ," ಎಂದ. ಈಗ ನೀಲವ್ವ ಅವನ ಕಾಲಿಗೆ ಬೀಳಬೇಕಿತ್ತು. ಶಂಕ್ರಮ್ಮ ಬುಟ್ಟಿ ತೆಗೆದುಕೊಂಡು ಸೊಂಟಕ್ಕೆ ಇಟ್ಟಳು. ರಂಗದ ಪಕ್ಕದ ಮೆಟ್ಟಿಲಿಳಿದು ನೇರ ಮುಂದಿನ ಸಾಲಿಗೆ ಬಂದಳು.

"ಅಣ್ಣಾ, ಈ ಬುತ್ತಿ ಅವ್ವ ಕಟ್ಯಾಳ. ವರ್ಷಾ ಕಟ್ಯಾಳ. ನಾ ವರ್ಷಾ ಒಲ್ಲೆ ಅಂದೀನಂತ. ಯಾವಾಗ ಅಂದೆ? ಯಾರ ಮುಂದ ಅಂದೆ?"

ಜನ ಚಪ್ಪಾಳೆ ತಟ್ಟಿದರು. ಹೊಸ ನಾಟಕವೆಂದರೆ ಹೀಗೇ ಇರುತ್ತದೆಂದು ಅವರು ತಿಳಿದರು. ಅಣವೀರಪ್ಪ ನಗಲೂ ಆಗದೆ ಏಳಲೂ ಆಗದೆ ಕುರ್ಚಿಯ ಕೈ ಹಿಡಿದುಕೊಂಡ.

"ಬುತ್ತಿ ಹಿಡದ ತಂಗೀನ ಬಿಟ್ಟು ಹೋದ ಅಣ್ಣನ ಮನಿ ನೀರು ನಮ್ಮೂರಾಗ ಯಾರೂ ಕುಡಿಯಂಗಿಲ್ಲ. ನಾ ಬುತ್ತಿ ಹಿಡದೀನಿ. ಏಳು. ಜೀಪ್ ಹತ್ತು."

ರಂಗದ ಮರೆಯಿಂದ ಬಂಡು ಕೈ ಬೀಸಿ ಕರೆಯುತ್ತಿದ್ದ. "ನೀವು ಪರದೆ ಎಳೀರಿ," ಎಂದಳು ಅವನಿಗೆ. "ನಿಮ್ಮ ಹೊಸಾ ಕೊನಿ ಮುಗೀತು."

ಅಷ್ಟು ಮಂದಿಯೆದುರು ಒಲ್ಲೆನೆನ್ನಲಾಗದೆ ಅಣವೀರಪ್ಪ ಎದ್ದ, ಜೀಪು ಕಮಲಾಪುರದ ದಾರಿ ಹಿಡಿಯಿತು. ಕೆಂಪು ಬಾಳೆಯ ತೋಟಗಳು ದಾಟಿದವು. ಮನೆಯ ಮುಂದೆ ಇಳಿದಾಗ ಭಾಗಮ್ಮ ಕಟ್ಟೆಯ ಮೇಲೆ ಕೂತು ಎಳ್ಳು ಆರಿಸುತ್ತಿದ್ದಳು. ಮಗಳನ್ನು ನೋಡಿದಳು, ಏಳಲಿಲ್ಲ.

"ಈಗ ದಾರಿ ಗೊತ್ತಾತೇನು? ಅಣ್ಣ ವರ್ಷಾ ಬಂದು ಬಾಗಿಲದಾಗ ನಿಂತಾಗ ನಿನ್ನ ಸೊಕ್ಕು ಇಳಿದಿದ್ದಿಲ್ಲ. ಕರದರ ಬರಲಾರದಾಕಿ ಮನಿಗೆ ನಾನರೆ ಹೆಂಗ ಬರಲಿ?"

"ಅಣ್ಣ ಒಂದ ಸಲನೂ ಬಂದಿಲ್ಲ ಯವ್ವಾ. ಇಲ್ಲೇ ನಿಂತಾನ, ಕೇಳು."

ಭಾಗಮ್ಮ ಮಗನತ್ತ ತಿರುಗಿದಳು. ಅಣವೀರಪ್ಪ ಗಂಟಲು ಸರಿಮಾಡಿಕೊಂಡ. "ಮನೆತನದ ಮಾನ ನೋಡಬೇಕಲ್ಲ ಅವ್ವಾ," ಎಂದ. ಇಷ್ಟಕ್ಕೆ ಎಲ್ಲ ತಿಳಿಯಿತು. ಮೊರವನ್ನು ಬದಿಗಿಟ್ಟು ಆಕೆ ಮಗಳ ಕೈ ಹಿಡಿದು ಒಳಗೆ ಕರೆದೊಯ್ದಳು.

ಬೆಳಗಾಗುವಷ್ಟರಲ್ಲಿ ತಂಗಿಯನ್ನು ತಾನೇ ಹೋಗಿ ಕರೆತಂದೆನೆಂದು ಅಣವೀರಪ್ಪ ಊರಿಗೆಲ್ಲ ಹೇಳಿಯಾಗಿತ್ತು. ನಾಚಿಕೆಯೆಂಬುದು ಇದ್ದವರಿಗೆ ತಾನೆ! ಹೆಂಗಸರು ಹುತ್ತಕ್ಕೆ ಹಾಲೆರೆಯಲು ಹೊರಟಾಗ ಎಲ್ಲರಿಗೂ ಕಾಣುವಂತೆ ತಾನೂ ಬಂದು ನಿಂತ. ಮನೆಯವರ ಒಬ್ಬೊಬ್ಬರ ಹೆಸರು ಹೇಳಿ ಅವರವರ ಪಾಲು ಎರೆಯುವುದು ಅಲ್ಲಿಯ ರೀತಿ. ಹೆಸರು ಹೇಳಿಸಿಕೊಂಡವನು ಮನೆಯವನು.

ಭಾಗಮ್ಮ ಗಿಂಡಿ ಬಗ್ಗಿಸಿದಳು. "ದೇವರ ಪಾಲು. ಗುರುವಿನ ಪಾಲು. ನನ್ನ ಮಗಳು ಶಂಕ್ರೀ ಪಾಲು." ಅಲ್ಲಿಗೆ ನಿಲ್ಲಿಸಲಿಲ್ಲ. "ಇದು ಹ್ವಾದ ವರ್ಷದ್ದು. ಇದು ಅದರ ಹಿಂದಿಂದು..." ಎರೆಯುತ್ತಲೇ ಹೋದಳು. "ಇಷ್ಟ ವರ್ಷ ನಿನ್ನ ಪಾಲು ಎರದಿದ್ದಿಲ್ಲ ಮಗಳ. ಇಲ್ಲೇ ನಿಂತು ನಿನಗ ಶಾಪಾ ಹಾಕೀನಿ."

ಶಂಕ್ರಮ್ಮ ಅವ್ವನ ಬೆನ್ನ ಮೇಲೆ ಕೈಯಿಟ್ಟಳು. ಆ ಶಾಪ ತಟ್ಟಬೇಕಾದವನು ಎರಡು ಮಾರು ದೂರದಲ್ಲಿ ಬಿಳಿ ಅಂಗಿ ತೊಟ್ಟು ನಿಂತಿದ್ದ.

ಕೊನೆಯ ಹನಿಯೂ ಹುತ್ತಕ್ಕೆ ಬಿತ್ತು. ಪಕ್ಕದ ಮನೆಯ ಹೆಂಗಸು ತಡೆಯಲಾರದೆ ಕೇಳಿದಳು: "ಭಾಗಮ್ಮಾ, ಮಗನ ಪಾಲು?"

"ಅವನ ಪಾಲು ಅವ ಮುಂಚೇನ ತಿಂದಾನ," ಎಂದು ಭಾಗಮ್ಮ ಗಿಂಡಿ ಬೋರಲು ಹಾಕಿ, ಮಗಳ ಭುಜ ಹಿಡಿದು ಎದ್ದಳು.