ಮೃತ ಆಸಾಮಿಯ ಜುಲ್ಮಾನೆ

ಮಾರ್ಗಶಿರದ ಮಂಜು ಅಂದು ಹತ್ತು ಗಂಟೆಯಾದರೂ ನ್ಯಾಯಾಲಯದ ಅಂಗಳವನ್ನು ಬಿಟ್ಟಿರಲಿಲ್ಲ. ಚಾಮುಂಡಿ ಬೆಟ್ಟದ ಬುಡವೆಲ್ಲ ಅಳಿಸಿಹೋಗಿ, ನೆತ್ತಿಯೊಂದೇ ಆಧಾರವಿಲ್ಲದೆ ಆಕಾಶದಲ್ಲಿ ನಿಂತಂತೆ ತೋರುತ್ತಿತ್ತು. ಹಳೆಯ ಮಳೆಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಪೊಲೀಸ್ ದಫೇದಾರ್ ಜವರಯ್ಯ ವಾರಂಟುಗಳ ಚೀಲವನ್ನು ತೊಡೆಯ ಮೇಲಿರಿಸಿಕೊಂಡು ಅರೆನಿದ್ದೆಯಲ್ಲಿದ್ದ.

ನ್ಯಾಯಾಲಯವು ವಿಧಿಸಿದ ದಂಡವನ್ನು ಕಟ್ಟದೆ ತಲೆಮರೆಸಿಕೊಂಡವರನ್ನು ಹುಡುಕುವುದು ಹನ್ನೊಂದು ವರ್ಷಗಳಿಂದ ಅವನ ಕೆಲಸ. ಉದಯಗಿರಿಯ ಗ್ಯಾರೇಜುಗಳ ಸಾಲಿನಲ್ಲಿ, ದೇವರಾಜ ಮೊಹಲ್ಲಾದ ಅಂಗಡಿಗಳ ಹಿಂಬದಿಯ ಓಣಿಗಳಲ್ಲಿ ಅವನು ಕೇಳಿದ ಹೆಸರುಗಳು ಎಷ್ಟೋ; ಆ ಹೆಸರಿಗೆ ಓಗೊಟ್ಟವರು ಕೆಲವರೇ. ಆದರೆ ಹಗಲಿನಲ್ಲಿ ಸಿಗದವರೆಲ್ಲ ಅವನ ಅರೆನಿದ್ದೆಯೊಳಗೆ ತಾವಾಗಿಯೇ ನಡೆದು ಬರುತ್ತಿದ್ದರು. ಒಬ್ಬ ಸೈಕಲ್ ತಳ್ಳಿಕೊಂಡು, ಒಬ್ಬಳು ಮಲ್ಲಿಗೆಯ ಬುಟ್ಟಿ ಹೊತ್ತು, ಮಾತಿಲ್ಲದೆ ಮುಂದೆ ಹಾದುಹೋಗುವರು. ಜವರಯ್ಯ ಅವರನ್ನು ತಡೆಯುತ್ತಿರಲಿಲ್ಲ. ಕನಸಿನಲ್ಲಿ ವಾರಂಟು ಜಾರಿ ಮಾಡುವುದು ಅವನಿಗೆ ಮರ್ಯಾದೆಯೆನಿಸುತ್ತಿರಲಿಲ್ಲ.

"ರೀ ಜವರಯ್ಯ, ಏಳಿ, ನಿಮ್ಮ ವಿಷಯ ಬಂದಿದೆ." ಪಕ್ಕದ ಬೆಂಚಿನಿಂದ ವಕೀಲ ಕೃಷ್ಣಸ್ವಾಮಿಯವರು ಪತ್ರಿಕೆಯನ್ನು ಮಡಿಸುತ್ತ ಕೂಗಿದರು. "ಪೊಲೀಸರ ಪಿಂಚಣಿ, ಚಿಕಿತ್ಸೆ, ಭತ್ಯೆ ಅಂತ ಸರ್ಕಾರ ಸುರಿಯೋ ದುಡ್ಡಿಗೆ ಮಿತಿಯೇ ಇಲ್ವಂತೆ. ಕೋರ್ಟು ಹಾಕಿದ ದಂಡ ಮಾತ್ರ ಅರ್ಧವೂ ವಸೂಲಾಗೋಲ್ವಂತೆ."

"ನನ್ ಮಂಡಿ ಸವ್ದಿರೋದನ್ನೂ ಬರ್ದವ್ರಾ ಸ್ವಾಮಿ?"

"ಅದಕ್ಕೆ ಜಾಗ ಸಾಲಲಿಲ್ಲ ಅಂತ ಕಾಣತ್ತೆ."

ಜವರಯ್ಯ ನಕ್ಕು ಮತ್ತೆ ಕಣ್ಣು ಮುಚ್ಚಿದ. ನಿವೃತ್ತಿಗೆ ಇನ್ನು ಹನ್ನೊಂದು ದಿನ ಉಳಿದಿತ್ತು. ಹೆಂಡತಿ ಲಕ್ಷ್ಮಮ್ಮನಿಗೆ ವಾರಕ್ಕೆರಡು ಸಲ ಡಯಾಲಿಸಿಸ್ ನಡೆಯುತ್ತಿದ್ದುದು ಇಲಾಖೆಯ ಚಿಕಿತ್ಸಾ ಯೋಜನೆಯ ಖರ್ಚಿನಲ್ಲಿ. ಸೇವೆ ಮುಗಿದ ಮೇಲೆ ಆ ಭಾರವನ್ನು ಅವನ ಪಿಂಚಣಿಯೂ ನಿವೃತ್ತಿಯ ಇಡಿಗಂಟೂ ಹೊರಬೇಕಾಗಿತ್ತು. ಅದಕ್ಕೆ ಬೇಕಾದ ಕಾಗದಗಳೆಲ್ಲ ಸಿದ್ಧವಾಗಿದ್ದವು; ಅವನ ಮೇಲೆ ಯಾವ ವಿಚಾರಣೆಯೂ ಬಾಕಿಯಿಲ್ಲವೆಂಬ ಪತ್ರವೊಂದು ಮಾತ್ರ ಬರಬೇಕಾಗಿತ್ತು.

ಆಗ ಮಂಜಿನೊಳಗಿನಿಂದ ಮೂಗಯ್ಯ ಬಂದ.

ಬಿಳಿಯ ಪಂಚೆ, ಹೆಗಲ ಮೇಲೆ ಕೆಂಪು ಟವಲು, ಎಡಕ್ಕೆ ವಾಲುವ ನಡಿಗೆ. ಜವರಯ್ಯ ಅವನನ್ನೂ ಉಳಿದವರಂತೆ ಹಾದುಹೋಗಲು ಬಿಟ್ಟ. ಆದರೆ ಮೂಗಯ್ಯ ಹಾದುಹೋಗದೆ ಬೆಂಚಿನ ಮೇಲೆ ಕುಳಿತ. ಬೀಡಿಯ ವಾಸನೆ ಬಂತು. ಕನಸಿನವರಾರೂ ಅದುವರೆಗೆ ಬೀಡಿ ನಾರಿದ್ದಿಲ್ಲ.

"ಗುರ್ತು ಸಿಕ್ಲಿಲ್ವಾ ದಫೇದಾರ್ರೇ? ನಾನ್ ಕಣ್ರೀ, ಜಟಕಾ ಮೂಗಯ್ಯ. ಮಾರ್ಕೆಟ್ ಮುಂದೆ ನನ್ ಕುದ್ರೆ ಅಡ್ಡ ನಿಂತ್ಕಂಡು, ಬಸ್ಸೆಲ್ಲಾ ನಿಂತೋಗಿ, ಒಂಬೈನೂರು ಜುಲ್ಮಾನೆ ಆಗಿತ್ತಲ್ಲ?"

ಜವರಯ್ಯ ಕಣ್ಣು ಬಿಟ್ಟು ನೆಟ್ಟಗೆ ಕುಳಿತ. ನಾಲ್ಕು ವರ್ಷಗಳ ಹಿಂದೆ, ಹಳೆಯ ವಾರಂಟುಗಳನ್ನೆಲ್ಲ ತಿಂಗಳೊಳಗೆ ವಿಲೇವಾರಿ ಮಾಡಬೇಕೆಂದು ಮೇಲಿನಿಂದ ತಾಕೀತು ಬಂದಿದ್ದಾಗ, ಅವನು ಮಾರ್ಕೆಟ್ಟಿನಲ್ಲಿ ನೋಡಿ ಪರಿಚಯವಿದ್ದ ಈ ಮೂಗಯ್ಯನನ್ನು ಹುಡುಕಿಕೊಂಡು ಜಟಕಾ ನಿಲ್ದಾಣಕ್ಕೆ ಮೂರು ಸಲ ಹೋಗಿದ್ದ. ಕುದುರೆ ಸತ್ತಿತೆಂದೂ ಮೂಗಯ್ಯ ಊರು ಬಿಟ್ಟನೆಂದೂ ಅಲ್ಲಿಯವರು ಹೇಳಿದ್ದರು. ಮೂರನೆಯ ಸಲ ಹಿರಿಯನೊಬ್ಬ ಚಹಾ ಕುಡಿಸಿ, "ಸತ್ತ ಅಂತ ಬರ್ಕಳಿ ಸ್ವಾಮಿ, ಅವನ್ಗೂ ನೆಮ್ಮದಿ, ನಿಮ್ಗೂ ನೆಮ್ಮದಿ" ಎಂದಿದ್ದ. ಇಬ್ಬರು ಪಂಚರು ನಗುನಗುತ್ತಲೇ ಹೆಬ್ಬೆಟ್ಟು ಒತ್ತಿದ್ದರು. ಜವರಯ್ಯ ತನ್ನ ದುಂಡಾದ ಅಕ್ಷರಗಳಲ್ಲಿ ಬರೆದಿದ್ದ: ಸದರಿ ಆಸಾಮಿಯು ಮೃತನಾಗಿರುತ್ತಾನೆ, ಆತನ ಹೆಸರಿನಲ್ಲಿ ಯಾವ ಆಸ್ತಿಪಾಸ್ತಿಯೂ ಇರುವುದಿಲ್ಲ. ಬಡವನೊಬ್ಬನನ್ನು ಉಳಿಸಿದೆನೆಂಬ ಸಮಾಧಾನದಿಂದಲೇ ಅಂದು ಮನೆಗೆ ಹೋಗಿದ್ದ.

"ಎಲ್ಲಿದ್ದೆ ಇಷ್ಟ್ ದಿನ?"

"ತಲಕಾಡ್ ತಾವ, ಮಗಳ್ ಮನೇಲಿ. ಜುಲ್ಮಾನೆಗೆ ಅಂತ ಇಟ್ಟಿದ್ ದುಡ್ಡು ಕುದ್ರೆ ಔಷ್ದಿಗೇ ಓಯ್ತು. ಕುದ್ರೇನೂ ಓಯ್ತು. ಈಗ ಕಟ್ಟಾಣ ಅಂತ ಬಂದ್ರೆ ಕೌಂಟರಿನ್ ಹುಡ್ಗಿ ಕಂಪ್ಯೂಟರ್ ನೋಡಿ, ನೀನು ಸತ್ತೋಗಿದೀಯ, ನಿಂದೇನೂ ಬಾಕಿ ಇಲ್ಲ, ಓಗು ಅಂತಾಳೆ. ಯಾವಾಗ ಸತ್ತೆ ತಾಯಿ ಅಂದೆ. ನಾಕ್ ವರ್ಷ ಆಯ್ತು ಅಂದ್ಲು. ಅದೇ ವರ್ಷ ಕಣ್ರೀ ನಾನು ಹಲ್ಲು ಕಟ್ಟಿಸ್ಕಂಡಿದ್ದು!"

ಮೂಗಯ್ಯ ಬಾಯಿ ತೆರೆದು ಆ ಹಲ್ಲುಗಳನ್ನು ತೋರಿಸಿದ. ವರದಿ ಬರೆದವನು ತನ್ನ ಪಕ್ಕದಲ್ಲೇ ಕುಳಿತಿರುವನೆಂಬುದು ಅವನಿಗೆ ತಿಳಿದಿರಲಿಲ್ಲ.

"ಬಾಕಿ ಇಲ್ಲ ಅಂದ್ಮೇಲೆ ಊರಿಗೆ ಹೋಗೋದಲ್ವಾ?" ಎಂದ ಜವರಯ್ಯ.

"ಮೊಮ್ಮಗಳು ದಿವ್ಯ ಪೊಲೀಸ್ಗೆ ಸೆಲೆಕ್ಟ್ ಆಗವ್ಳೆ. ಮನೆ ತಾವ ವಿಚಾರ್ಸಕ್ಕೆ ಬತ್ತಾರಂತೆ. ತಾತಂದು ಕೋರ್ಟ್ನಾಗೆ ಬಾಕಿ ಐತೆ ಅಂತ ಗೊತ್ತಾದ್ರೆ?"

"ಅವಳ್ ಕಾಗದ ಬೇರೆ, ನಿನ್ ಕಾಗದ ಬೇರೆ ಕಣಯ್ಯ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ."

ಅದು ನಿಜವೇ ಆಗಿತ್ತು. ತನ್ನನ್ನು ಕಾಪಾಡುವ ನಿಜವನ್ನು ಹೇಳುವಾಗಲೂ ದನಿ ನಡುಗುವುದುಂಟೆಂದು ಜವರಯ್ಯನಿಗೆ ಅಂದು ತಿಳಿಯಿತು.

ಮೂಗಯ್ಯ ಟವಲನ್ನು ಹೆಗಲಿನಿಂದ ತೆಗೆದು ತೊಡೆಯ ಮೇಲೆ ಹರಡಿ, ಮತ್ತೆ ಮಡಿಸಿದ. "ಅವಳ್ಗೆ ಸಂಬಂಧ ಇಲ್ದೆ ಇರ್ಬೋದು. ನಂಗೆ ಐತಲ್ಲ. ನಾಳೆ ಅವ್ಳು ಇಂಗೇ ವಾರಂಟ್ ಇಡ್ಕಂಡು ಯಾರ್ದೋ ಬಾಗ್ಲಿಗೆ ಓಗ್ತಾಳೆ. ಅವಳ್ ತಾತ ತಲೆ ತಪ್ಪಿಸ್ಕಂಡೋನು ಅಂತ ಇರ್ಬಾರ್ದು. ರಸೀತಿ ಇಲ್ದೆ ನಾನು ಓಗಾಕಿಲ್ಲ."

ಕೃಷ್ಣಸ್ವಾಮಿಯವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಜವರಯ್ಯನನ್ನು ಮರದ ಮರೆಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದರು: "ಒಂದು ಅರ್ಜಿ ಕೊಟ್ಟರೆ ದಂಡ ಕಟ್ಟಿಸ್ಕೋತಾರೆ. ಆದರೆ ಇವನೇ ಆ ಮೂಗಯ್ಯ ಅಂತ ಕೋರ್ಟಿನಲ್ಲಿ ಯಾರಾದರೂ ಗುರುತಿಸಬೇಕು. ಗುರುತಿಸಿದ ಕ್ಷಣವೇ ನಿಮ್ಮ ವರದಿ ಸುಳ್ಳಾಗತ್ತೆ. ವಿಚಾರಣೆ ಶುರುವಾದರೆ ನಿಮ್ಮ ಇಡಿಗಂಟು ನಿಂತುಹೋಗತ್ತೆ. ಜನವರಿಗೆ ಬಾ ಅಂತ ಕಳಿಸಿಬಿಡಿ."

ಜವರಯ್ಯ ಹಿಂದಿರುಗಿ ಹಾಗೆಯೇ ಕೇಳಿದ. ಮೂಗಯ್ಯ ಯೋಚಿಸಿ ಉತ್ತರಕೊಟ್ಟ: "ನಾನೇನೋ ಬತ್ತೀನಿ ದಫೇದಾರ್ರೇ. ಈ ದುಡ್ಡು ಅಲ್ಲೀಗಂಟ ಬರಾಕಿಲ್ಲ. ನನ್ ಕೈನಾಗೆ ದುಡ್ಡು ನಿಲ್ಲೋದು ನಿಮ್ಗೆ ಗೊತ್ತಲ್ಲ."

ಮಧ್ಯಾಹ್ನದ ವಿರಾಮದಲ್ಲಿ ಜವರಯ್ಯ ಆಸ್ಪತ್ರೆಗೆ ನಡೆದ. ಮಂಜು ಕರಗಿದ್ದರೂ ಬಿಸಿಲಿಗೆ ಇನ್ನೂ ಅದರದೇ ಬಣ್ಣವಿತ್ತು. ರಸ್ತೆ, ಜನ, ವಾಹನಗಳೆಲ್ಲ ನೀರಿನ ತಳದಲ್ಲಿ ಚಲಿಸುವಂತೆ ನಿಧಾನವಾಗಿ ಚಲಿಸುತ್ತಿದ್ದವು. ತಾನು ಬರೆದ ಒಂದು ಸಾಲಿನಿಂದ ಒಬ್ಬನು ನಾಲ್ಕು ವರ್ಷ ಈ ನಗರದ ಲೆಕ್ಕದಿಂದಲೇ ಅಳಿಸಿಹೋಗಿದ್ದನಲ್ಲ, ಹಾಗೆ ಅಳಿದವನು ಅಲ್ಲಿ ತಲಕಾಡಿನಲ್ಲಿ ಹಲ್ಲು ಕಟ್ಟಿಸಿಕೊಂಡು, ಮೊಮ್ಮಗಳನ್ನು ಓದಿಸುತ್ತ, ಬೀಡಿ ಸೇದುತ್ತ ಇದ್ದನಲ್ಲ ಎಂದು ಯೋಚಿಸುತ್ತ ಅವನು ಆಸ್ಪತ್ರೆಯ ಬಾಗಿಲನ್ನೇ ದಾಟಿ ಮುಂದಕ್ಕೆ ಹೋಗಿಬಿಟ್ಟಿದ್ದ.

ಲಕ್ಷ್ಮಮ್ಮ ಯಂತ್ರದ ಪಕ್ಕದಲ್ಲಿ ಮಲಗಿದ್ದಳು. ಅವಳ ರಕ್ತವು ಸಣ್ಣ ಕೊಳವೆಯಲ್ಲಿ ಹೊರಗೆ ಹೋಗಿ ಶುದ್ಧವಾಗಿ ಮರಳುತ್ತಿತ್ತು. ಗಂಡ ಹೇಳಿದ್ದನ್ನೆಲ್ಲ ಅವಳು ಆ ಕೊಳವೆಯನ್ನು ನೋಡುತ್ತಲೇ ಕೇಳಿದಳು.

"ಬದ್ಕಿರೋನ್ನ ಸತ್ತ ಅಂತ ಬರ್ದುಬುಟ್ರಾ?"

"ಅವನ್ಗೆ ಅನುಕೂಲ ಆಗ್ಲಿ ಅಂತ."

"ಸರಿ ಬುಡಿ. ನಾಳೆ ನನ್ಗೂ ಅನುಕೂಲ ಮಾಡ್ಬುಟ್ಟೀರಿ."

ಪಕ್ಕದ ಮಂಚದವಳು ನಕ್ಕಳು. ಜವರಯ್ಯನೂ ನಗಲು ನೋಡಿದ; ಆಗಲಿಲ್ಲ.

ಲಕ್ಷ್ಮಮ್ಮ ಕೊಳವೆಯಿಂದ ಕಣ್ಣು ತೆಗೆಯದೆ, "ಅವನ್ಗೆ ಹನ್ನೊಂದ್ ದಿನ ತಡ್ಕಳಕ್ಕಾಗಲ್ವಾ?" ಎಂದಳು.

"ದುಡ್ಡು ನಿಲ್ಲಲ್ಲ ಅಂತಾನೆ."

"ಅದು ನಿಜಾನೇ." ಅವಳು ಈಗ ಗಂಡನ ಕಡೆಗೆ ತಿರುಗಿದಳು. "ನಿಮ್ಗೆ ತಡ್ಕಳಕ್ಕಾಯ್ತದಾ?"

ಜವರಯ್ಯ ಅವಳ ಕಾಲಿನ ಮೇಲೆ ಹೊದಿಕೆಯನ್ನು ಸರಿಪಡಿಸಿ ಎದ್ದ.

ಮೂರು ಗಂಟೆಗೆ ಮೂಗಯ್ಯನ ಅರ್ಜಿ ಬಂತು. ಕೃಷ್ಣಸ್ವಾಮಿಯವರೇ, ಗೊಣಗುತ್ತ, ಶುಲ್ಕವಿಲ್ಲದೆ ಬರೆದುಕೊಟ್ಟಿದ್ದರು. ಹಳೆಯ ಫ್ಯಾನು ಊಟದ ನಂತರದ ತೂಕಡಿಕೆಯನ್ನು ಇಡೀ ಕೋಣೆಗೆ ಹಂಚುತ್ತಿತ್ತು. ನ್ಯಾಯಾಧೀಶೆ ಚಿಕ್ಕ ವಯಸ್ಸಿನವರು. ಕಡತವನ್ನು ಎರಡು ಸಲ ಓದಿ ತಲೆಯೆತ್ತಿದರು.

"ಈ ವ್ಯಕ್ತಿ ಮೃತನೆಂದು ವರದಿಯಿದೆಯಲ್ಲ?"

"ಇಲ್ಲ ತಾಯಿ," ಎಂದ ಮೂಗಯ್ಯ, "ಹಲ್ಲು ಬುಟ್ರೆ ಮಿಕ್ಕಿದ್ದೆಲ್ಲಾ ಬದ್ಕೈತೆ."

ತೂಕಡಿಸುತ್ತಿದ್ದವರು ಎಚ್ಚೆತ್ತು ನಕ್ಕರು. ನ್ಯಾಯಾಧೀಶೆಯೂ ನಗುವನ್ನು ತಡೆದುಕೊಂಡು ಕೇಳಿದರು: "ನಿಮ್ಮನ್ನು ಗುರುತಿಸುವವರು ಯಾರಾದರೂ ಇದ್ದಾರೆಯೇ?"

ಮೂಗಯ್ಯ ಕೋಣೆಯನ್ನೆಲ್ಲ ನೋಡಿದ. ಅವನನ್ನು ಬಲ್ಲ ಜಟಕಾದವರಲ್ಲಿ ಕೆಲವರು ತೀರಿಹೋಗಿದ್ದರು, ಉಳಿದವರು ಆಟೋ ಹಿಡಿದು ಎಲ್ಲೆಲ್ಲಿಗೋ ಚದುರಿದ್ದರು. ಅವನ ಕಣ್ಣು ಬಾಗಿಲ ಬಳಿ ನಿಂತಿದ್ದ ಜವರಯ್ಯನ ಮೇಲೆ ಬಿತ್ತು. ಬೇಡಿಕೆಯೇನೂ ಆ ನೋಟದಲ್ಲಿರಲಿಲ್ಲ. ಪರಿಚಯದ ಮುಖವೊಂದು ಕಂಡಿತೆಂಬ ಹಗುರವಷ್ಟೇ ಇತ್ತು.

ಜವರಯ್ಯ ಟೋಪಿಯನ್ನು ಸರಿಪಡಿಸಿಕೊಂಡು ಮುಂದೆ ಬಂದ. ಬಾಗಿಲಿನಿಂದ ಕಟಕಟೆಯವರೆಗಿನ ಹತ್ತು ಹೆಜ್ಜೆಗಳು ಮುಗಿಯುವಂತೆಯೇ ಇರಲಿಲ್ಲ.

"ನಾನು ಗುರುತಿಸ್ತೀನಿ ಮಹಾಸ್ವಾಮಿ. ಇವನೇ ಮೂಗಯ್ಯ. ಆ ವರದಿ ಬರೆದವನೂ ನಾನೇ."

"ತಿಳಿಯದೆ ಬರೆದಿರೋ, ತಿಳಿದು ಬರೆದಿರೋ?"

ಕೃಷ್ಣಸ್ವಾಮಿಯವರು ಗಂಟಲು ಸರಿಪಡಿಸಿದ ಸದ್ದು ಹಿಂದಿನಿಂದ ಕೇಳಿಸಿತು. ತಿಳಿಯದೆ ಎಂಬ ಮಾತು ಜವರಯ್ಯನ ನಾಲಗೆಯ ಮೇಲೇ ಇತ್ತು.

"ತಿಳಿದೇ ಬರೆದೆ."

ನ್ಯಾಯಾಧೀಶೆ ಬಹಳ ಹೊತ್ತು ಬರೆದರು. ದಂಡವನ್ನು ಸ್ವೀಕರಿಸತಕ್ಕದ್ದು, ದಫೇದಾರನಿಂದ ಮೇಲಧಿಕಾರಿಗಳ ಮೂಲಕ ವಿವರಣೆಯನ್ನು ಪಡೆಯತಕ್ಕದ್ದು. ಅಷ್ಟೇ ಆಜ್ಞೆ.

ಹೊರಗೆ ಮೂಗಯ್ಯ ರಸೀತಿಯನ್ನು ಹಿಡಿದುಕೊಂಡು ನಿಂತಿದ್ದ. "ನೀವಾ ಬರ್ದದ್ದು? ಬೆಳಿಗ್ಗೇನೇ ಹೇಳ್ಬಾರ್ದಾಗಿತ್ತಾ? ನಿಮ್ಗೆ ತೊಂದ್ರೆ ಆಯ್ತದೆ ಅಂದಿದ್ರೆ ನಾನು ಸತ್ತೇ ಇರ್ತಿದ್ನಲ್ಲ ಮಾರಾಯ್ರೇ!"

"ಅದಕ್ಕೇ ಹೇಳಲಿಲ್ಲ ಕಣಯ್ಯ," ಎಂದ ಜವರಯ್ಯ. "ನೀನು ಒಪ್ಕಂಬುಡ್ತಿದ್ದೆ."

ತಿಂಗಳ ಕೊನೆಯ ದಿನ ಠಾಣೆಯಲ್ಲಿ ಪೇಟ ತೊಡಿಸಿ, ಗಂಧದ ಹಾರ ಹಾಕಿ ಜವರಯ್ಯನನ್ನು ಬೀಳ್ಕೊಟ್ಟರು. ಅದೇ ಸಂಜೆ ಮೊಹರು ಮಾಡಿದ ಲಕೋಟೆಯೊಂದು ಅವನ ಕೈಸೇರಿತು: ವಿಚಾರಣೆ ಮುಗಿಯುವವರೆಗೆ ತಾತ್ಕಾಲಿಕ ಪಿಂಚಣಿಯನ್ನು ಮಾತ್ರ ಕೊಡಲಾಗುವುದು, ಇಡಿಗಂಟನ್ನು ತಡೆಹಿಡಿಯಲಾಗಿದೆ. ಮನೆಯಲ್ಲಿ ಅವನು ಟೋಪಿಯನ್ನೂ ತೆಗೆಯದೆ ಅದನ್ನು ಗಟ್ಟಿಯಾಗಿ ಓದಿದ.

"ಎಷ್ಟ್ ದಿನ ಅಂತ ಬರ್ದವ್ರೆ?" ಲಕ್ಷ್ಮಮ್ಮ ಕೇಳಿದಳು.

"ಬರ್ದಿಲ್ಲ."

ಅವಳು ಕೈಯಲ್ಲಿದ್ದ ಹಾರವನ್ನು ಮೂಸಿ ನೋಡಿ, ಗೋಡೆಯಲ್ಲಿದ್ದ ದೇವರ ಪಟದ ಮೊಳೆಗೆ ಹಾಕಿದಳು. ಆಮೇಲೆ ಕಿವಿಯ ಓಲೆಗಳನ್ನು ಒಂದೊಂದಾಗಿ ಬಿಚ್ಚಿ ಅವನ ಅಂಗೈಯಲ್ಲಿಟ್ಟಳು.

"ಎರಡ್ ತಿಂಗ್ಳಿಗೆ ಆಯ್ತದೆ," ಎಂದಳು. "ಆಮೇಲಿಂದು ಆಮೇಲೆ. ಟೋಪಿ ತೆಗೀರಿ, ಊಟ ಬಡಿಸ್ತೀನಿ."