ಸೊಸೆಗೆ ಕೊಡದ ಬಿಳಿ ಬಟ್ಟೆ

ನಲವತ್ತು ವರ್ಷ ಲಾಂಡ್ರಿ ನಡೆಸಿದವಳು ನಾನು. ಕಲೆ ತೆಗೆಯುವ ವಿಷಯದಲ್ಲಿ ಯಾರೂ ನನಗೆ ಪಾಠ ಹೇಳಬೇಕಿಲ್ಲ ಎಂಬ ಜಂಬ ತಲೆಗೇರಿತ್ತು. ಆ ಜಂಬ ಸುಟ್ಟುಹೋಗಲಿ.

ಸೊಸೆ ಹೆತ್ತಾಗ ಮಗುವಿನ ಉಚ್ಚೆ ಬಟ್ಟೆಗಳನ್ನು ಅವಳೇ ಒಗೆಯುತ್ತಿದ್ದಳು. ಸೋಪು ಹಾಕಿ ತಿಕ್ಕಿದರೆ ಕಂದು, ಒಣಗುವ ಹೊತ್ತಿಗೆ ಕಪ್ಪು. "ಲಾಂಡ್ರಿ ಮನೆ ಸೇರಿ ಒಂದು ಚಿಂದಿ ಬೆಳ್ಳಗೆ ಮಾಡೋಕೆ ಬರಲ್ವಲ್ಲ ನಿಂಗೆ" ಎಂದು ಕೆಲಸದವರೆದುರೇ ಅಂದೆ. ಒಗೆಯುವ ಸೋಡಾ ಜಾಸ್ತಿ ಕೊಟ್ಟೆ. ಅವಳ ಅಂಗೈ ಸುಲಿಯಿತೇ ಹೊರತು ಕಲೆ ಹೋಗಲಿಲ್ಲ. ಅಂದಿನಿಂದ ಬಿಳಿ ಬಟ್ಟೆಯನ್ನು ಅವಳ ಕೈಗೆ ಕೊಡುವುದನ್ನೇ ಬಿಟ್ಟೆ.

ಒಂದು ದಿನ, ಅವಳಿಗೆ ತೋರಿಸಿಕೊಡುತ್ತೇನೆಂದು ಮಗುವಿನ ಉಚ್ಚೆ ಬಟ್ಟೆ ಒಂದನ್ನು ನಾನೇ ಒಗೆದೆ. ಅದೂ ಕಪ್ಪಾಯಿತು. ಯಾರೂ ನೋಡುವ ಮೊದಲು ನೀರೊಲೆಗೆ ಹಾಕಿ ಸುಟ್ಟೆ. ಬಾಯಿ ಬಿಡಲಿಲ್ಲ.

ಆ ಮಗುವಿಗೆ ಈಗ ಮೂವತ್ತೆಂಟು. ಬೆನ್ನು ಬಗ್ಗುವುದಿಲ್ಲ, ಕಿವಿಯ ಅಂಚು ನೀಲಿಗಟ್ಟಿದೆ. ಮೊಮ್ಮಗ, ಸೊಸೆ, ನಾನು ಮೂವರೂ ಆಸ್ಪತ್ರೆಗೆ ಹೋದೆವು.

"ಮಗುವಾಗಿದ್ದಾಗ ಇವರ ಉಚ್ಚೆ ಬಟ್ಟೆ ಕಪ್ಪಾಗ್ತಿತ್ತಾ?" ಡಾಕ್ಟರಮ್ಮ ಕೇಳಿದರು.

"ಅದು ನಾನು ಸರಿಯಾಗಿ ಒಗೀತಿರ್ಲಿಲ್ಲ" ಎಂದಳು ಸೊಸೆ, ತಲೆ ತಗ್ಗಿಸಿ.

"ಒಗೆಯೋದರಲ್ಲಿ ತಪ್ಪಿಲ್ಲಮ್ಮ. ನಾವು ತಿನ್ನೋ ಪ್ರೋಟೀನಲ್ಲಿರೋ ಕೆಲವು ಅಮೈನೋ ಆಮ್ಲಗಳು ಇವರ ಮೈಯಲ್ಲಿ ಪೂರ್ತಿ ಒಡೆಯಲ್ಲ. ಅರ್ಧಕ್ಕೆ ನಿಂತದ್ದು ಮೂತ್ರದಲ್ಲಿ ಹೋಗುತ್ತೆ, ಗಾಳಿ ತಾಗಿ ಕಪ್ಪಾಗುತ್ತೆ. ಸೋಪು, ಸೋಡಾ ಬಿದ್ದರೆ ಇನ್ನೂ ಬೇಗ. ಮೈಯಲ್ಲೇ ಉಳಿದದ್ದು ವರ್ಷಗಟ್ಟಲೆ ಕೀಲುಗಳಲ್ಲಿ ಕೂತಿದೆ. ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಬಂದರೆ ಮಾತ್ರ ಈ ತೊಂದರೆ."

ಅರ್ಧ ನನ್ನ ಮಗನದು. ಸೋಡಾ ಪೂರ್ತಿ ನನ್ನದು.

"ನಾನು ಒಗೆದಾಗ್ಲೂ ಕಪ್ಪಾಗಿತ್ತು ಕಣೆ" ಎಂದೆ. "ಹೇಳಲಿಲ್ಲ ನಿಂಗೆ. ಸುಟ್ಟುಹಾಕಿದೆ."

ಅವಳು ನನ್ನನ್ನೇ ನೋಡಿದಳು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. "ಇರಲಿ ಬಿಡಿ ಅತ್ತೆ" ಎಂದು ತನ್ನ ಮಗನನ್ನು ಹಿಡಿದು ಎಬ್ಬಿಸಿದಳು.

ಸಂಜೆ ಮನೆಯಲ್ಲಿ ಒಗೆಯುವ ಬಟ್ಟೆ ವಿಂಗಡಿಸಲು ಕೂತಳು. ಎಂದಿನಂತೆ ಬಿಳಿಯದನ್ನೆಲ್ಲ ಎತ್ತಿ ನನ್ನ ಕಡೆ ಇಟ್ಟಳು.

"ಇವತ್ತು ಇದನ್ನೂ ನೀನೇ ಒಗಿಯಮ್ಮ" ಎಂದೆ.

ಅವಳು ಕೈಗಳನ್ನು ಸೆರಗಿಗೆ ಒರೆಸಿಕೊಂಡಳು. "ಬೇಡ ಅತ್ತೆ. ಹಾಳಾದ್ರೆ?"