ತಾಯಮ್ಮ ಆರಿಸದ ದೀಪ

ನಮ್ಮ ನಡುಮನೆಯ ಗೂಡಿನಲ್ಲಿ ಒಂದು ಹಿತ್ತಾಳೆ ದೀಪವಿತ್ತು. ಯಾರ ಮಾತಾದರೂ ಅನುಮಾನಕ್ಕೆ ಬಂದರೆ ಅದನ್ನು ಹೊತ್ತಿಸಿ ಅವರ ಮುಂದಿಡುತ್ತಿದ್ದರು. ಹೇಳಿದ್ದು ನಿಜವಾದರೆ ಬರಿಗೈಯಿಂದ ಆರಿಸಬೇಕು. ಸುಳ್ಳು ಹೇಳಿ ಆರಿಸಿದರೆ ವಂಶವೇ ಆರಿಹೋಗುತ್ತದೆಂಬ ನಂಬಿಕೆ. ಆರನೇ ವಯಸ್ಸಿನಲ್ಲಿ ಸಕ್ಕರೆ ಕದ್ದ ನಾನು ಅದನ್ನು ಕಂಡದ್ದೇ ಗೊಳೋ ಎಂದು ಅತ್ತು ಒಪ್ಪಿಕೊಂಡಿದ್ದೆ.

ತಾಯಮ್ಮ ಬಂದದ್ದು ಅಜ್ಜಿ ಹಾಸಿಗೆ ಹಿಡಿದಾಗ, ಅವರ ಆರೈಕೆಗೆ. ಆಗ ನನಗೆ ಹದಿನೇಳು. ಆಕೆ ಗುಡಿಗೆ ಹೋಗುತ್ತಿರಲಿಲ್ಲ, ಒಪ್ಪೊತ್ತು, ಹರಕೆ ಒಂದೂ ಇಲ್ಲ. ಆದರೆ ಅಜ್ಜಿಯನ್ನು ಮಗ್ಗುಲು ಹೊರಳಿಸುವಾಗಲೆಲ್ಲ "ನೋಡ್ಕೊಳಪ್ಪಾ" ಎನ್ನುತ್ತಿದ್ದಳು. ನನಗೋ ಕೆಟ್ಟ ಕುತೂಹಲ.

"ಯಾವ ದೇವರಿಗೆ ಹೇಳ್ತೀಯ ತಾಯಮ್ಮ?"

"ಹೆಸರು ಗೊತ್ತಿಲ್ಲ ಕಣವ್ವ."

"ಹೆಸರೇ ಗೊತ್ತಿಲ್ದೆ ಕರೆದ್ರೆ ಬರ್ತಾನಾ?"

"ಹುಟ್ಟಿದ ದಿನ ನಿಮ್ಮಮ್ಮನ ಹೆಸರು ನಿಂಗೆ ಗೊತ್ತಿತ್ತಾ? ಕಿರುಚಿಕೊಂಡೆ, ಎತ್ಕೊಂಡ್ರು."

ಎರಡು ದಿನ ಆ ಮಾತು ತಲೆ ಕೊರೆಯಿತು.

ಒಂದು ಬೆಳಗ್ಗೆ ಅಜ್ಜಿಯ ಮಾತು ನಿಂತುಹೋಯಿತು. ಉಸಿರಿತ್ತು, ಕಣ್ಣು ತೆರೆದಿತ್ತು, ಅಷ್ಟೇ. ಸಂಜೆ ದಾಟುವುದು ಕಷ್ಟ ಎಂದು ಡಾಕ್ಟರು ಹೇಳಿ ಹೋದರು. ಆಗ ತಾಯಮ್ಮ ಅಜ್ಜನ ಮುಂದೆ ಬಂದು ನಿಂತಳು.

"ಯಜಮಾನ್ರೆ, ಮಾತು ನಿಲ್ಲೋ ಮುಂಚೆ ಅಮ್ಮಾವ್ರು ಹೇಳಿದ್ರು. ಸುಗುಣಮ್ಮನ್ನ ಕರೆಸ್ಬೇಕಂತೆ."

ಸುಗುಣತ್ತೆ ಅಜ್ಜನ ಒಬ್ಬಳೇ ಮಗಳು, ನನಗೆ ಜಡೆ ಹೆಣೆದು ಬೆಳೆಸಿದವರು. ಜಾತಿ ಬಿಟ್ಟು ಮದುವೆಯಾದರೆಂದು ಒಂಬತ್ತು ವರ್ಷದಿಂದ ಅವರಿಗೆ ಈ ಮನೆಯ ಬಾಗಿಲು ಮುಚ್ಚಿತ್ತು. ಇದ್ದದ್ದು ಇದೇ ಊರಿನಲ್ಲಿ. ನಾನು ಮಾತ್ರ ಆಗಾಗ ಕದ್ದು ಹೋಗಿ ನೋಡಿ ಬರುತ್ತಿದ್ದೆ.

"ಯಾರು ಹೇಳ್ಕೊಟ್ಟ ಮಾತು ಇದು?" ಎಂದು ದೊಡ್ಡಪ್ಪ ನನ್ನನ್ನೇ ದುರುಗುಟ್ಟಿ ನೋಡಿ, ದೀಪ ಹೊತ್ತಿಸಿ ತಂದಿಟ್ಟರು. "ನಿಜ ಆದ್ರೆ ಆರಿಸು."

ಆರಿಸಿಬಿಡು ಎಂದು ನನ್ನ ಜೀವ ಬಡಿದುಕೊಳ್ಳುತ್ತಿತ್ತು. ಒಂದು ಕ್ಷಣದ ಕೆಲಸ, ಅತ್ತೆ ಬಂದು ತಾಯಿಯ ಮುಖ ನೋಡುತ್ತಾರೆ. ತಾಯಮ್ಮ ಕೈ ಹಿಂದಕ್ಕೆ ಕಟ್ಟಿಕೊಂಡಳು.

"ಆಗಲ್ಲ ಸ್ವಾಮಿ."

"ನೋಡಿ, ಸಿಕ್ಕಿಬಿದ್ಲು," ಎಂದರು ದೊಡ್ಡಪ್ಪ. "ದೇವರಿಲ್ಲದವಳ ಮಾತು ಕೇಳ್ತಾ ಕೂತಿದೀವಿ."

"ದೇವರಿದಾನೆ ನಂಗೆ. ಈ ದೀಪದ ಭಯ ಇಲ್ಲ, ಅಷ್ಟೆಯ. ಭಯ ಇಲ್ದೋಳು ಇದನ್ನ ಆರಿಸಿ ನಿಮ್ಮನ್ನ ನಂಬಿಸಿದ್ರೆ ಅದು ಮೋಸ. ಅಂಥ ಮೋಸ ನಮ್ಮಪ್ಪನಿಗೆ ಆಗಿಬರಲ್ಲ."

ನನಗೆ ಅವಳ ಮೇಲೆ ಸಿಟ್ಟು ಉಕ್ಕಿತು. ಎಂಥ ದೇವರಪ್ಪ ಇವನು, ಇಷ್ಟು ಸಣ್ಣದಕ್ಕೂ ಅಡ್ಡ ಬರುವವನು ಎನಿಸಿತು. ಅಜ್ಜ ಮಾತ್ರ ಅವಳನ್ನೇ ದಿಟ್ಟಿಸುತ್ತಿದ್ದರು.

"ಇನ್ನೂ ಒಂದು ಮಾತು ಹೇಳಿದಾರೆ," ಎಂದಳು. "ಅದು ನಿಮ್ಮೊಬ್ರ ಕಿವಿಗೆ."

ಅವಳು ಬಗ್ಗಿ ಹೇಳಿದ್ದು ನಮಗಾರಿಗೂ ಕೇಳಿಸಲಿಲ್ಲ. ಅಜ್ಜನ ಮುಖ ಕೆಂಪಾಯಿತು, ಆಮೇಲೆ ಕಣ್ಣು ತುಂಬಿತು. ಎದ್ದು ಚಪ್ಪಲಿ ಮೆಟ್ಟಿದರು. ದೊಡ್ಡಪ್ಪ ಏನೋ ಹೇಳಲು ಬಾಯಿ ತೆರೆದರೂ ನಿಲ್ಲಲಿಲ್ಲ.

ದಾರಿ ತೋರಿಸಲು ನಾನು ಹಿಂದೆಯೇ ಓಡಿದೆ. ಅಗತ್ಯವೇ ಬೀಳಲಿಲ್ಲ. ಅಕ್ಕಸಾಲಿಗರ ಓಣಿ, ಎಣ್ಣೆ ಗಾಣ, ಹಿಂದಿನ ಸಂದಿ, ಎಲ್ಲೂ ಕೇಳದೆ ಅಜ್ಜ ಮುಂದೆ ಮುಂದೆ ನಡೆದರು. ಅತ್ತೆಯ ಮನೆಯೆದುರಿನ ಬೇವಿನ ಮರದಡಿ ಗಕ್ಕನೆ ನಿಂತರು.

"ಸೋಮವಾರ ಗುಡಿಗೆ ಅಂತ ಹೊರಟು ಇಲ್ಲೀತನಕ ಬಂದು ವಾಪಸ್ ಹೋಗ್ತಿದ್ದೆ ಕಣೇ. ನಿಮ್ಮಜ್ಜಿಗೆ ಎಲ್ಲಾ ಗೊತ್ತಿತ್ತಂತೆ."

ಅಜ್ಜ ಮೇಲುವಸ್ತ್ರದಿಂದ ಮುಖ ಒರೆಸಿಕೊಂಡರು.

"ಇಲ್ಲಿಂದ ಮುಂದೆ ನಂಗೆ ದಾರಿ ಗೊತ್ತಿಲ್ಲ. ನೀನು ನಡಿ."

ಬಾಗಿಲಿಗೆ ಹತ್ತು ಹೆಜ್ಜೆಯೂ ಇರಲಿಲ್ಲ. ಅತ್ತೆ ಆಗಷ್ಟೇ ಅಂಗಳಕ್ಕೆ ನೀರು ಹಾಕಿದ್ದರು, ನೆಲ ಇನ್ನೂ ಒದ್ದೆಯಿತ್ತು.